ಕುಗ್ಗುತ್ತ ಹೋದ ನಿವೇಶನ: ದಿಲ್ಲಿಯ ನಗರ ಯೋಜನೆ ಮತ್ತು ಸಮಾನತೆ

ದಿಲ್ಲಿಯ ನಗರ ಯೋಜನೆಗೆ ಸಮಾನತೆ ಆರಂಭದ ಗುರಿಯೇನೂ ಆಗಿರಲಿಲ್ಲ. 1931ರಲ್ಲಿ ಉದ್ಘಾಟನೆಗೊಂಡ ನವದೆಹಲಿಯಲ್ಲಿ ಬಂಗಲೆಯ ಗಾತ್ರ, ಅಂಗಳ, ವೈಸ್‌ರಾಯ್ ಭವನದಿಂದ ಇರುವ ದೂರ ಎಲ್ಲವೂ ನೌಕರನ ದರ್ಜೆಗೆ ತಕ್ಕಂತೆ ನಿಗದಿಯಾಗಿದ್ದವು. ವಿಭಜನೆಯ ನಂತರ ಸುಮಾರು ಐದು ಲಕ್ಷ ನಿರಾಶ್ರಿತರು ಬಂದಿಳಿದಾಗ ಈ ಅಚ್ಚುಕಟ್ಟು ಮುರಿದುಬಿತ್ತು. 1955ರ ಕೊನೆಗೆ ಕುಡಿಯುವ ನೀರಿಗೆ ಕೊಳಚೆ ಸೇರಿ ಕಾಮಾಲೆ ಹಬ್ಬಿದ್ದು ಯೋಜನೆಯ ತುರ್ತನ್ನು ಹೆಚ್ಚಿಸಿತು.

1957ರಲ್ಲಿ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) ಹುಟ್ಟಿತು. ಫೋರ್ಡ್ ಪ್ರತಿಷ್ಠಾನದ ತಜ್ಞರ ನೆರವಿನಿಂದ ಸಿದ್ಧವಾದ ಮಾಸ್ಟರ್ ಪ್ಲಾನ್ 1962ರಲ್ಲಿ ಜಾರಿಗೆ ಬಂತು. ಬಡವರನ್ನು ಊರಾಚೆ ಗುಡ್ಡೆಹಾಕದೆ, ಕೆಲಸದ ಜಾಗಕ್ಕೆ ಹತ್ತಿರ ನೆಲೆಗೊಳಿಸಬೇಕೆಂಬ ಆಶಯ ಅದರಲ್ಲಿತ್ತು. ಆದರೆ ಸರ್ಕಾರ ಸ್ವಾಧೀನಪಡಿಸಿಕೊಂಡ ಭೂಮಿಯನ್ನು ಅಭಿವೃದ್ಧಿಪಡಿಸುವ ಅಧಿಕಾರ ಪ್ರಾಧಿಕಾರವೊಂದಕ್ಕೇ ಸಿಕ್ಕಿತು. ಅದು ಬಡವರಿಗೆ ಸಾಕಷ್ಟು ಮನೆ ಕಟ್ಟಲಿಲ್ಲ. ಕಾನೂನುಬದ್ಧ ದಾರಿ ಮುಚ್ಚಿದ್ದರಿಂದ ಜನ ಜುಗ್ಗಿಗಳೆಂಬ ಗುಡಿಸಲುಗಳಲ್ಲಿ, ಅನಧಿಕೃತ ಬಡಾವಣೆಗಳಲ್ಲಿ ನೆಲೆಸಿದರು. ಅಕ್ರಮವೆಂದು ಕರೆಸಿಕೊಂಡ ದಿಲ್ಲಿಯ ಬಹುಪಾಲು ಹೀಗೆ ಯೋಜನೆಯದೇ ಸೃಷ್ಟಿ. 2019ರಲ್ಲಿ 1,731 ಅನಧಿಕೃತ ಬಡಾವಣೆಗಳ ನಿವಾಸಿಗಳಿಗೆ ಮಾಲೀಕತ್ವ ಕೊಡಲು ಕೇಂದ್ರ ಮುಂದಾಯಿತು. ಜುಗ್ಗಿಯವರು ಆ ಲೆಕ್ಕದಲ್ಲಿರಲಿಲ್ಲ.

ಜುಗ್ಗಿಯವರ ಪಾಲನ್ನು, ಅವರನ್ನು ಎಬ್ಬಿಸಿದಾಗ ಕೊಡುತ್ತಿದ್ದ ಬದಲಿ ನಿವೇಶನದ ಅಳತೆಯೇ ಹೇಳುತ್ತದೆ. 1960ರ ಸುಮಾರಿಗೆ 80 ಚದರ ಗಜವಿದ್ದದ್ದು ಬೇಗನೆ 25ಕ್ಕೆ ಇಳಿಯಿತು. 1990ರ ದಶಕದ ನಂತರ 18 ಚದರ ಮೀಟರ್, ಕೆಲವರಿಗೆ 12.5. ಜಾಗ ಕುಗ್ಗಿದಂತೆ ದೂರ ಬೆಳೆಯಿತು. ತುರ್ತು ಪರಿಸ್ಥಿತಿಯಲ್ಲಿ ಸುಮಾರು ಏಳು ಲಕ್ಷ ಜನರನ್ನು ಎಬ್ಬಿಸಲಾಯಿತು. 1976ರ ಏಪ್ರಿಲ್‌ನಲ್ಲಿ ತುರ್ಕ್‌ಮನ್ ಗೇಟ್ ಬಳಿ ಪ್ರತಿಭಟಿಸಿದವರ ಮೇಲೆ ಗೋಲಿಬಾರ್ ನಡೆಯಿತು. ಯೋಜಕ ದುರ್ಬಲರ ಪರ ವಕೀಲನಂತೆ ನಿಲ್ಲಬೇಕೆಂದು ಅಮೆರಿಕದ ನಗರ ಯೋಜಕ ಪಾಲ್ ಡೇವಿಡಾಫ್ ವಾದಿಸಿ ಆಗಲೇ ಹನ್ನೊಂದು ವರ್ಷವಾಗಿತ್ತು.

ಮುಂದೆ ತೆರವು ಮತ್ತು ಪುನರ್ವಸತಿಯ ಚರ್ಚೆ ನ್ಯಾಯಾಲಯಕ್ಕೆ ದಾಟಿತು. ಬೆಂಗಳೂರಿನ ಆಲ್ಮಿತ್ರಾ ಪಟೇಲ್ ಹೂಡಿದ್ದು ಕಸ ವಿಲೇವಾರಿಯ ದಾವೆ. ಅದೇ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟ್, ಒತ್ತುವರಿದಾರರಿಗೆ ಬದಲಿ ನಿವೇಶನ ಕೊಡುವುದನ್ನು ಜೇಬುಗಳ್ಳನಿಗೆ ಬಹುಮಾನ ಕೊಡುವುದಕ್ಕೆ ಹೋಲಿಸಿತು. ಕಸದ ಮೊಕದ್ದಮೆ ಮನುಷ್ಯರ ಮೇಲೆ ತಿರುಗಿದ್ದು ವಿಚಿತ್ರವೇ ಸರಿ. 2004ರಲ್ಲಿ ಯಮುನಾ ಪುಷ್ತಾದ ಗುಡಿಸಲುಗಳು ನೆಲಸಮವಾದವು; ಅಲ್ಲಿನ ಹಲವರು ದೂರದ ಬವಾನಾ ಸೇರಿದರು. ಗಾಳಿ ತಿರುಗಿದ್ದು ದಿಲ್ಲಿ ಹೈಕೋರ್ಟಿನಿಂದ. 2010ರ ಸುದಾಮಾ ಸಿಂಗ್ ತೀರ್ಪು ಎಬ್ಬಿಸುವ ಮುನ್ನ ಸಮೀಕ್ಷೆ, ಸಮಾಲೋಚನೆ, ಪುನರ್ವಸತಿ ಬೇಕೆಂದಿತು. ಶಕೂರ್ ಬಸ್ತಿಯ ತೆರವಿನಿಂದ ಹುಟ್ಟಿದ ಅಜಯ್ ಮಾಕನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ 2019ರಲ್ಲಿ ನಗರದ ಮೇಲಿನ ಹಕ್ಕನ್ನೇ ಎತ್ತಿಹಿಡಿಯಿತು.

ಇದ್ದಲ್ಲೇ ಮನೆ ಕಟ್ಟಿಕೊಡುವ ಪ್ರಯೋಗವೂ ನಡೆದಿದೆ. ಕಲಾವಿದರು ನೆಲೆಸಿದ್ದ ಕಠಪುತಲಿ ಕಾಲೊನಿಯಲ್ಲಿ 2009ರಲ್ಲಿ ಖಾಸಗಿ ಬಿಲ್ಡರ್ ಜತೆ ಒಪ್ಪಂದವಾಗಿ, 2017ರಲ್ಲಿ ಅವರ ಮನೆಗಳು ಉರುಳಿದವು. ಕಾಲ್ಕಾಜಿಯಲ್ಲಿ 2022ರಲ್ಲಿ 3,024 ಫ್ಲ್ಯಾಟುಗಳು ಸಿದ್ಧವಾದವು.

ನೆರೆಯ ರಾಜ್ಯಗಳಿಗೂ ಹರಡಿದ ರಾಷ್ಟ್ರ ರಾಜಧಾನಿ ವಲಯಕ್ಕೆ 1985ರಿಂದ ಪ್ರತ್ಯೇಕ ಯೋಜನಾ ಮಂಡಳಿಯಿದೆ, ಆದರೆ ಪುನರ್ವಸತಿಯ ನಿಯಮ ರಾಜ್ಯಕ್ಕೊಂದು. ದಿಲ್ಲಿಯ ಗಡಿಗೆ ಅಂಟಿಕೊಂಡಿದ್ದ ಫರೀದಾಬಾದಿನ ಖೋರಿ ಗಾಂವ್ ಅರಣ್ಯಭೂಮಿಯಲ್ಲಿದೆಯೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ತೆರವಾಯಿತು. ಅದು ಹರಿಯಾಣದ ನೆಲ. ದಿಲ್ಲಿಯ ಪುನರ್ವಸತಿ ನೀತಿ ಅಲ್ಲಿಗೆ ಅನ್ವಯಿಸಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ 2041ರ ಮಾಸ್ಟರ್ ಪ್ಲಾನಿನ ಕರಡು ಹೊರಬಂತು. ಮನೆಗೆಲಸದವರು, ಬೀದಿ ವ್ಯಾಪಾರಿಗಳು, ಚಿಂದಿ ಆಯುವವರ ಬೇಡಿಕೆಗಳನ್ನು ‘ಮೈ ಭೀ ದಿಲ್ಲಿ’ ಅಭಿಯಾನ 2018ರಿಂದಲೇ ಯೋಜಕರ ಮುಂದಿಡುತ್ತ ಬಂದಿತ್ತು. ಬಾಡಿಗೆ ಮನೆ, ಮಹಿಳೆಯರ ಸುರಕ್ಷತೆ, ರಾತ್ರಿ ದುಡಿಮೆಯ ವಿಷಯಗಳು ಆ ಕರಡಿನಲ್ಲಿ ಜಾಗ ಪಡೆದವು.