ಉರುಟುಗಲ್ಲಿನ ನೆಲದಲ್ಲಿ ಹೂದೋಟ

ಇಂಗ್ಲೆಂಡಿನ ಆಗ್ನೇಯಕ್ಕೆ, ಕೆಂಟ್ ಕೌಂಟಿಯ ಕಡಲಂಚಿನಲ್ಲಿ ಡಂಜನೆಸ್ ಎಂಬ ಊರಿದೆ. ಅಲ್ಲಿಯ ನೆಲದಲ್ಲಿ ಮಣ್ಣಿಗಿಂತ ಹೆಚ್ಚಾಗಿ ಇರುವುದು ಅಲೆಗಳು ಸಾವಿರಾರು ವರ್ಷಗಳಿಂದ ತಂದು ರಾಶಿ ಹಾಕಿದ ಉರುಟುಗಲ್ಲು. ಬಿದ್ದ ಮಳೆ ಅದರಲ್ಲಿ ನಿಲ್ಲುವುದಿಲ್ಲ. ಮೇಲೆ ಉಪ್ಪುಗಾಳಿಯ ಹೊಡೆತ. ತೋಟ ಮಾಡಬೇಕೆನ್ನುವವರು ಸಾಮಾನ್ಯವಾಗಿ ಇಂಥ ಜಾಗವನ್ನು ಆರಿಸಿಕೊಳ್ಳುವುದಿಲ್ಲ.

ಚಲನಚಿತ್ರ ನಿರ್ದೇಶಕ ಡೆರೆಕ್ ಜಾರ್ಮನ್ 1980ರ ದಶಕದ ಉತ್ತರಾರ್ಧದಲ್ಲಿ ಇಲ್ಲಿ ಬೆಸ್ತರ ಹಳೆಯ ಮರದ ಮನೆಯೊಂದನ್ನು ಕೊಂಡರು. ಕಪ್ಪು ಗೋಡೆ, ಹಳದಿ ಕಿಟಕಿಗಳ ಆ ಮನೆಯ ಹೆಸರು ಪ್ರಾಸ್ಪೆಕ್ಟ್ ಕಾಟೇಜ್. ತಮಗೆ ಎಚ್‌ಐವಿ ಸೋಂಕು ತಗುಲಿದೆ ಎಂದು ಅವರಿಗೆ ತಿಳಿದದ್ದು 1986ರ ಡಿಸೆಂಬರ್‌ನಲ್ಲಿ. ರೋಗವನ್ನು ಹಿಡಿತದಲ್ಲಿಡುವ ಇಂದಿನ ಔಷಧಗಳು ಆಗ ಇರಲಿಲ್ಲ. ಹೆಚ್ಚು ಕಾಲವಿಲ್ಲ ಎಂದು ಬಲ್ಲವರೊಬ್ಬರು ಗಿಡ ನೆಡತೊಡಗಿದರು.

ಅವರು ಹಿಡಿದ ದಾರಿ ಇಂಗ್ಲಿಷ್ ತೋಟಗಾರಿಕೆಗೆ ಹೊಸದೇನಲ್ಲ. ವಿಕ್ಟೋರಿಯಾ ಕಾಲದ ಸಿರಿವಂತರು ಗಾಜಿನ ಮನೆಯಲ್ಲಿ ಬೆಳೆಸಿದ ಹೂಗಿಡಗಳನ್ನು ಬೇಸಿಗೆಗೆ ಸಾಲಾಗಿ ನೆಟ್ಟು, ಋತು ಮುಗಿದಾಗ ಕಿತ್ತು ಹಾಕಿಸುತ್ತಿದ್ದರು. 1870ರಲ್ಲಿ ‘ದಿ ವೈಲ್ಡ್ ಗಾರ್ಡನ್’ ಪುಸ್ತಕ ಬರೆದ ವಿಲಿಯಂ ರಾಬಿನ್ಸನ್ ಈ ಆಡಂಬರವನ್ನು ಖಂಡಿಸಿದರು. ಗಟ್ಟಿಮುಟ್ಟಾದ ಗಿಡಗಳನ್ನು ಅವುಗಳಿಗೆ ಒಗ್ಗುವ ಜಾಗದಲ್ಲಿ ನೆಟ್ಟರೆ ಹೆಚ್ಚಿನ ಆರೈಕೆ ಬೇಡ ಎಂಬುದು ಅವರ ವಾದ. ಹಳ್ಳಿಯ ಬಡವರ ಮನೆಯಂಗಳದ ತೋಟಗಳನ್ನು ಅವರು ಮೆಚ್ಚಿದ್ದೂ ಇದಕ್ಕೇ.

ಡಂಜನೆಸ್‌ನಲ್ಲಿ ತಾನಾಗಿ ಬೆಳೆದಿದ್ದ ಗಿಡಗಳೇ ಜಾರ್ಮನ್ನರ ತೋಟಕ್ಕೆ ಆಧಾರವಾದವು. ಅವುಗಳಲ್ಲಿ ಮುಖ್ಯವಾದದ್ದು ಕೋಸಿನ ಬಳಗದ ಸೀ ಕೇಲ್. ಇದರ ಬೇರು ಕಲ್ಲುಗಳ ನಡುವೆ ಆಳಕ್ಕಿಳಿದು ನೀರು ಹುಡುಕುತ್ತದೆ. ಎಲೆಯ ಮೇಲಿನ ಮೇಣದಂಥ ಲೇಪ ಉಪ್ಪುಗಾಳಿಯಿಂದ ಕಾಪಾಡುತ್ತದೆ. ಜೊತೆಗೆ ಗಸಗಸೆ ಕುಟುಂಬದ ಹಳದಿ ಹೂವಿನ ಹಾರ್ನ್ಡ್ ಪಾಪಿ, ಮುಳ್ಳಿನ ಗಾರ್ಸ್ ಪೊದೆ. ಹೊರಗಿನಿಂದ ತಂದವುಗಳಲ್ಲಿ ಲ್ಯಾವೆಂಡರ್, ಸ್ಯಾಂಟೊಲಿನಾಗಳು ಮೆಡಿಟರೇನಿಯನ್ ತೀರದವು. ಒಣ ನೆಲ ಅವಕ್ಕೆ ಹೊಸದಲ್ಲ. ಗುಲಾಬಿಗೆ ಮಾತ್ರ ಕಲ್ಲು ಬಗೆದು ಗೊಬ್ಬರ ತುಂಬಬೇಕಾಯಿತು. ಆದರೂ ಅದು ಏಗಲಾರದೆ ಏಗಿತು. ಕಡಲು ದಡಕ್ಕೆ ಎಸೆದ ಮರದ ತುಂಡು, ತುಕ್ಕು ಹಿಡಿದ ಕಬ್ಬಿಣ ಈ ತೋಟದ ಅಲಂಕಾರ. ಸುತ್ತ ಬೇಲಿಯಿಲ್ಲ.

1994ರ ಫೆಬ್ರುವರಿಯಲ್ಲಿ, ತಮ್ಮ 52ನೆಯ ವಯಸ್ಸಿನಲ್ಲಿ ಜಾರ್ಮನ್ ತೀರಿಕೊಂಡರು. 2020ರಲ್ಲಿ ಮನೆ ಮಾರಾಟಕ್ಕೆ ಬರುವ ಸಂದರ್ಭ ಒದಗಿದಾಗ, ಆರ್ಟ್ ಫಂಡ್ ಸಂಸ್ಥೆಯ ಕರೆಗೆ ಓಗೊಟ್ಟು ಸಾವಿರಾರು ಜನ ಹಣ ಕೊಟ್ಟರು. 35 ಲಕ್ಷ ಪೌಂಡಿನ ಗುರಿ ಮುಟ್ಟಿ ಮನೆ, ತೋಟ ಎರಡೂ ಉಳಿದವು. ಚಳಿಗಾಲದಲ್ಲಿ ಸೀ ಕೇಲ್ ಪೂರ್ತಿ ಸತ್ತಂತೆ ಕಾಣುತ್ತದೆ. ವಸಂತ ಬಂದಾಗ ಅದೇ ಬೇರಿನಿಂದ ನೇರಳೆ ಚಿಗುರು ಕಲ್ಲು ಸರಿಸಿ ಮೇಲೇಳುತ್ತದೆ.