ಟ್ರ್ಯಾಕ್ಟರ್ ಟ್ರಾಲಿ ಎಳೆಯುವುದು: ತೂಕ, ಕೊಂಡಿ, ಬ್ರೇಕ್, ಕಾಗದಪತ್ರ



ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ನಮ್ಮ ಭಾಗದಲ್ಲಿ ಎಲ್ಲ ಕೆಲಸಗಳೂ ಒಟ್ಟಿಗೇ ಬರುತ್ತವೆ. ಭತ್ತದ ಕಟಾವು, ಹತ್ತಿ ಸಾಗಾಟ, ಕುರುಮೂರ್ತಿ ಜಾತ್ರೆ, ಮಲ್ದಕಲ್ ತಿಮ್ಮಪ್ಪನ ಜಾತ್ರೆ, ನಡುವೆ ರಾಜ್ಯೋತ್ಸವ. ಚೀಲ ಹೊರಲು, ಶಾಮಿಯಾನ ಮತ್ತು ಕುರ್ಚಿ ತರಲು, ಕೊನೆಗೆ ಜನರನ್ನು ಕರೆತರಲು ಕೂಡ ಎಲ್ಲರ ಕೈಗೆ ಸಿಗುವುದು ಟ್ರ್ಯಾಕ್ಟರ್ ಮತ್ತು ಟ್ರಾಲಿ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದ ಸದಸ್ಯರಲ್ಲಿ ಟ್ರ್ಯಾಕ್ಟರ್ ಉಳ್ಳವರು ಬಹಳ. ಬೇಕಾದಾಗ ತೆಗೆದು ನೋಡಲು ಅನುಕೂಲವಾಗಲೆಂದು ಈ ಮಾಹಿತಿಯನ್ನು ಒಂದೆಡೆ ಸೇರಿಸಿ ಕೊಡಲಾಗಿದೆ.

ಮೊದಲೇ ಒಂದು ಮಾತು. ಟ್ರಾಲಿ ವಿಚಾರ ಬಂದಾಗ ನಾವು ಕೇಳುವ ಪ್ರಶ್ನೆ "ನಮ್ಮ ಗಾಡಿ ಇಷ್ಟು ಎಳೆಯುತ್ತದೆಯೇ?" ಎಂಬುದು. ಎಳೆಯುತ್ತದೆ. ಡೀಸೆಲ್ ಎಂಜಿನ್‌ನ ಗುಣವೇ ಅದು. ಕಡಿಮೆ ವೇಗದಲ್ಲೂ ಹೆಚ್ಚು ಬಲ ಕೊಡುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: "ಇಷ್ಟು ಭಾರ ಹಿಂದಿದ್ದಾಗ ನಿಲ್ಲುತ್ತದೆಯೇ? ಮಗುಚದೆ ತಿರುಗುತ್ತದೆಯೇ?"

ಮೂರು ಬಗೆಯ ಜೋಡಣೆ

ನಾಲ್ಕು ಚಕ್ರದ ಟ್ರಾಲಿಯಲ್ಲಿ ಸರಕಿನ ತೂಕ ಬಹುಮಟ್ಟಿಗೆ ಟ್ರಾಲಿಯ ಚಕ್ರಗಳ ಮೇಲೇ ಇರುತ್ತದೆ. ಟ್ರ್ಯಾಕ್ಟರ್ ಅದನ್ನು ಎಳೆಯುತ್ತದೆ, ಹೊರುವುದಿಲ್ಲ.

ಎರಡು ಚಕ್ರದ ಟ್ರಾಲಿಯಲ್ಲಿ ಸ್ವಲ್ಪ ತೂಕ ಟ್ರ್ಯಾಕ್ಟರ್‌ನ ಕೊಂಡಿಯ ಮೇಲೆ ಬೀಳುತ್ತದೆ. ಎತ್ತಿನ ಬಂಡಿ ಹೂಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಟ್ರಾಲಿಗೂ ಅದೇ ಲೆಕ್ಕ.

ಮೂರನೆಯದು 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಎರ್ರವಲ್ಲಿ, ಬೀಚುಪಲ್ಲಿ ಕಡೆ ನಾವು ನೋಡುವ ಉದ್ದನೆಯ ಕಂಟೇನರ್ ಲಾರಿ. ಅದರ ಎಂಜಿನ್ ಭಾಗದ ಹಿಂದಿನ ಚಕ್ರಗಳ ಮೇಲೆ ಗ್ರೀಸ್ ಹಚ್ಚಿದ ದಪ್ಪನೆಯ ಕಬ್ಬಿಣದ ತಟ್ಟೆ ಇರುತ್ತದೆ. ಟ್ರೈಲರಿನ ಪಿನ್ನು ಅದರಲ್ಲಿ ಕೂತು ತಿರುಗುತ್ತದೆ. ಇದರ ಹೆಸರು ಫಿಫ್ತ್ ವೀಲ್, ಎಂದರೆ ಐದನೇ ಚಕ್ರ. ಕುದುರೆ ಗಾಡಿಗಳ ಮುಂದಿನ ಅಚ್ಚು ತಿರುಗಲು ಅಡ್ಡಡ್ಡ ಇಡುತ್ತಿದ್ದ ಚಕ್ರದಿಂದ ಬಂದ ಹೆಸರು. ಭಾರ ನೇರವಾಗಿ ಅಚ್ಚಿನ ಮೇಲೆ ಬೀಳುವುದರಿಂದ ಹಿಂದಿನ ಗಾಡಿ ಬಾಲದಂತೆ ಅಲ್ಲಾಡುವುದು ಕಡಿಮೆ.

ಅಮೆರಿಕದಲ್ಲಿ ದೊಡ್ಡ ಡೀಸೆಲ್ ಪಿಕಪ್‌ಗಳಿಗೂ ಇದೇ ತಟ್ಟೆ ಕೂರಿಸಿ, ಮನೆಯಂತಹ ಟ್ರೈಲರ್ ಎಳೆಯುತ್ತಾರೆ. ಹಿಂಭಾಗದಲ್ಲಿ ಬೈಕ್ ನಿಲ್ಲಿಸಲು ಗ್ಯಾರೇಜ್ ಇರುವ ಟ್ರೈಲರುಗಳೂ ಉಂಟು, ಅವಕ್ಕೆ ಟಾಯ್ ಹಾಲರ್ ಎನ್ನುತ್ತಾರೆ. ಕೊಂಡಿಯಿಂದ ಎಳೆಯುವ ಸಾಮಾನ್ಯ ಟ್ರೈಲರಿನಲ್ಲಿ ಒಟ್ಟು ತೂಕದ 10ರಿಂದ 15 ಪ್ರತಿಶತ, ಫಿಫ್ತ್ ವೀಲ್‌ನಲ್ಲಿ 15ರಿಂದ 25 ಪ್ರತಿಶತ ಮುಂದಿನ ಪಿನ್ನಿನ ಮೇಲೆ ಬೀಳಬೇಕು ಎಂಬುದು ಅಲ್ಲಿನ ರೂಢಿ. ಹಿಂದಿನ ಗ್ಯಾರೇಜಿಗೆ ಬೈಕ್ ಏರಿಸಿದ ಮೇಲೆ ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳುತ್ತಾರೆ. ನಮ್ಮ ಹಿರಿಯರು ಮೂಕಿ ಎತ್ತಿ ನೋಡಿ ತಿಳಿಯುತ್ತಿದ್ದುದನ್ನೇ ಅವರು ಪ್ರತಿಶತದಲ್ಲಿ ಬರೆದಿಟ್ಟಿದ್ದಾರೆ.

ತೂಕದ ಲೆಕ್ಕ

ನಮ್ಮಲ್ಲಿ ಓಡುವ 45–50 ಎಚ್.ಪಿ. ಟ್ರ್ಯಾಕ್ಟರ್ ಸುಮಾರು 2 ಟನ್ ತೂಗುತ್ತದೆ. 75 ಕಿಲೋದ ಭತ್ತದ ಚೀಲ 80 ಹಾಕಿದರೆ ಸರಕೇ 6 ಟನ್. ಟ್ರಾಲಿಯ ಸ್ವಂತ ತೂಕ ಒಂದೂವರೆ ಟನ್ ಹಿಡಿದರೂ ಒಟ್ಟು ಏಳೂವರೆ ಟನ್. ಎಂದರೆ ಎಳೆಯುವ ಗಾಡಿಗಿಂತ ಹಿಂದಿನ ಗಾಡಿ ಮೂರೂವರೆ ಪಟ್ಟಿಗಿಂತ ಹೆಚ್ಚು ಭಾರ. ಬಹಳಷ್ಟು ಟ್ರಾಲಿಗಳಿಗೆ ಕೆಲಸ ಮಾಡುವ ಬ್ರೇಕ್ ಇಲ್ಲ. ಇಷ್ಟನ್ನೂ ನಿಲ್ಲಿಸುವುದು ಟ್ರ್ಯಾಕ್ಟರ್‌ನ ಎರಡು ಹಿಂದಿನ ಚಕ್ರಗಳು ಮಾತ್ರ.

ವೇಗ ದುಪ್ಪಟ್ಟಾದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. 20 ಕಿ.ಮೀ. ವೇಗದಲ್ಲಿ ಸುಲಭವಾಗಿ ನಿಂತ ಟ್ರಾಲಿ 40ರಲ್ಲಿ ಮುಂದಿನ ಬೈಕಿನ ಮೇಲೆ ಹೋಗುವುದು ಇದೇ ಕಾರಣಕ್ಕೆ. ಇಳಿಜಾರಿನಲ್ಲಿ ಟ್ರಾಲಿ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ಆಗ ಟ್ರ್ಯಾಕ್ಟರ್ ಅಡ್ಡ ತಿರುಗಿ, ಎರಡೂ ಮಡಚಿದ ಚಾಕುವಿನಂತಾಗುತ್ತವೆ.

ಭತ್ತ ಭಾರ, ಆದರೆ ತಗ್ಗಿನಲ್ಲಿ ಕೂರುತ್ತದೆ. ಹತ್ತಿ ಹಗುರ, ಆದರೆ ಎತ್ತರ ಏರುತ್ತದೆ. ನಿಲ್ಲಿಸುವಾಗ ಭತ್ತಕ್ಕೆ ಹೆದರಬೇಕು, ತಿರುವಿನಲ್ಲಿ ಹತ್ತಿಗೆ ಹೆದರಬೇಕು. ಸಂಶಯವಿದ್ದರೆ ಕಾಟಾದಲ್ಲಿ ತೂಕ ಹಾಕಿಸಿ, ಆರ್.ಸಿ.ಯಲ್ಲಿ ಬರೆದ ತೂಕದೊಂದಿಗೆ ಹೋಲಿಸಿ.

ಪಿಕಪ್ ವಾಹನದ ಹಿಂದೆ ಜನರೇಟರ್ ಟ್ರಾಲಿ ಕಟ್ಟುವವರಿಗೂ ಇದೇ ಮಾತು. ಪಿಕಪ್ ಎಷ್ಟು ಹೊರಬಲ್ಲದು ಎಂಬುದು ಬೇರೆ, ಎಷ್ಟು ಎಳೆಯಬಹುದು ಎಂಬುದು ಬೇರೆ. ಎಳೆಯುವ ತೂಕವನ್ನು ಕಂಪನಿಯ ಪುಸ್ತಕದಲ್ಲಿ ಕೊಟ್ಟಿರದಿದ್ದರೆ ಎಳೆಯಬೇಡಿ.

ಹೊರಡುವ ಮುನ್ನ

1. ಪಿನ್ನು ಸರಿಯಾದ ಅಳತೆಯದೇ ಇರಲಿ, ತುದಿಗೆ ಕ್ಲಿಪ್ ಹಾಕಿ. ಸರಳಿನ ತುಂಡು, ಹಳೆಯ ಬೋಲ್ಟ್ ಬೇಡ. ಪಿನ್ನು ಹಾರಿದರೂ ಟ್ರಾಲಿ ಬಿಟ್ಟುಹೋಗದಂತೆ ಒಂದು ಸರಪಳಿ ಇರಲಿ.

2. ಟ್ರ್ಯಾಕ್ಟರ್‌ಗೆ ಎಡ, ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತವೆ. ಹೊಲದಲ್ಲಿ ಸಾಲಿನ ತುದಿಗೆ ತಿರುಗಲು ಅದು ಬೇಕು. ರಸ್ತೆಗೆ ಬಂದೊಡನೆ ಎರಡನ್ನೂ ಸೇರಿಸುವ ಪಟ್ಟಿ ಹಾಕಲೇಬೇಕು. ಒಂದೇ ಪೆಡಲ್ ಒತ್ತಿದರೆ ಗಾಡಿ ಒಂದೇ ಕಡೆ ತಿರುಗಿ ಮಗುಚುತ್ತದೆ.

3. ಭಾರವನ್ನು ಟ್ರಾಲಿಯ ನಡುವಿನಿಂದ ಸ್ವಲ್ಪ ಮುಂದಕ್ಕೆ ಹಾಕಿ. ಹಿಂಭಾರವಾದರೆ ಟ್ರ್ಯಾಕ್ಟರ್‌ನ ಹಿಂದಿನ ಚಕ್ರಗಳ ಹಿಡಿತ ತಪ್ಪುತ್ತದೆ. ಅತಿ ಮುಂಭಾರವಾದರೆ ಮುಂದಿನ ಚಕ್ರ ನೆಲ ಬಿಡುತ್ತದೆ, ಸ್ಟೇರಿಂಗ್ ಕೆಲಸ ಮಾಡದು.

4. ಟ್ರಾಲಿಯ ಹಿಂದೆ ಕೆಂಪು ದೀಪ, ರಿಫ್ಲೆಕ್ಟರ್ ಪಟ್ಟಿ ಇರಲಿ. ಮಣ್ಣು ಮುಚ್ಚಿದ ಪಟ್ಟಿ ಇದ್ದೂ ಇಲ್ಲದಂತೆ, ಬಟ್ಟೆಯಿಂದ ಒರೆಸಿ. ಮಕ್ತಲ್ ಮೂಲಕ ರಾಯಚೂರು–ಮಹಬೂಬ್‌ನಗರಕ್ಕೆ ಹೋಗುವ 167ನೇ ಹೆದ್ದಾರಿಯಲ್ಲಿ ರಾತ್ರಿ ದೀಪವಿಲ್ಲದೆ ನಿಂತ ಟ್ರಾಲಿ ಬೈಕ್ ಸವಾರನಿಗೆ ಗೋಡೆ ಇದ್ದಂತೆ.

ದಾರಿಯಲ್ಲಿ

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ, ಡೀಸೆಲ್ ಉಳಿಯುತ್ತದೆಂದು ಕ್ಲಚ್ ಒತ್ತಿ ಬಿಡಬೇಡಿ. ಏರುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು. ಇಳಿಯುವ ಮೊದಲೇ ಹಾಕಿಕೊಳ್ಳಿ.

ತಿರುವಿನಲ್ಲಿ ಟ್ರಾಲಿಯ ಚಕ್ರ ಟ್ರ್ಯಾಕ್ಟರ್ ಹೋದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಜುರಾಲ, ನೆಟ್ಟೆಂಪಾಡು, ಆರ್.ಡಿ.ಎಸ್. ಕಾಲುವೆಗಳ ಏರಿಯ ಮೇಲೆ ಹೋಗುವವರು ಇದನ್ನು ಮರೆಯಬಾರದು. ಟ್ರ್ಯಾಕ್ಟರ್ ಏರಿಯ ಮೇಲಿದ್ದಾಗಲೇ ಟ್ರಾಲಿಯ ಚಕ್ರ ಅಂಚಿಗೆ ಇಳಿದಿರುತ್ತದೆ.

ಕೆಸರಿನಲ್ಲಿ ಸಿಕ್ಕಿದ ಗಾಡಿಯನ್ನು ಎಳೆಯುವಾಗ ಸರಪಳಿಯನ್ನು ಟ್ರ್ಯಾಕ್ಟರ್‌ನ ಕೆಳಗಿನ ಕೊಂಡಿಗೇ ಕಟ್ಟಿ. ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಮುಂದಿನಿಂದ ಎದ್ದು ಚಾಲಕನ ಮೇಲೇ ಬೀಳುತ್ತದೆ. ತಪ್ಪಿಸಿಕೊಳ್ಳಲು ವೇಳೆಯೇ ಸಿಗುವುದಿಲ್ಲ.

ಕಾಗದಪತ್ರ

ಟ್ರ್ಯಾಕ್ಟರ್‌ಗೆ ಒಂದು, ಟ್ರಾಲಿಗೆ ಇನ್ನೊಂದು ನೋಂದಣಿ ಬೇಕು. 1988ರ ಮೋಟಾರು ವಾಹನ ಕಾಯ್ದೆ ಟ್ರೈಲರನ್ನು ಪ್ರತ್ಯೇಕವಾಗಿಯೇ ಹೆಸರಿಸುತ್ತದೆ. ಮೇಲೆ ಹೇಳಿದ ಐದನೇ ಚಕ್ರದ ಗಾಡಿಗೆ ಸೆಮಿ ಟ್ರೈಲರ್ ಎಂದು ಬೇರೆ ವ್ಯಾಖ್ಯೆ ಇದೆ. 1989ರ ಕೇಂದ್ರ ನಿಯಮಗಳ ಪ್ರಕಾರ ಕೃಷಿ ಟ್ರ್ಯಾಕ್ಟರ್ ಸಾರಿಗೇತರ ವಾಹನ. ಅದರ ಟ್ರಾಲಿ ಮುಖ್ಯವಾಗಿ ಕೃಷಿ ಸಾಮಗ್ರಿ ಸಾಗಿಸಲು. ಬಾಡಿಗೆಗೆ ಮರಳು, ಇಟ್ಟಿಗೆ ಹೊಡೆಯುವುದು ಕೃಷಿ ಎನಿಸುವುದಿಲ್ಲ. ಗಡಿ ದಾಟಿ ಬಾಡಿಗೆ ಹೊಡೆಯುವ ಮುನ್ನ ನಿಮ್ಮ ಆರ್.ಟಿ.ಎ. ಕಚೇರಿಯಲ್ಲಿ ವಿಚಾರಿಸಿ.

ಖಾಲಿ ತೂಕ 7,500 ಕಿಲೋ ಮೀರದ ಟ್ರ್ಯಾಕ್ಟರ್ ಹಗುರ ಮೋಟಾರು ವಾಹನದ ವ್ಯಾಖ್ಯೆಯಲ್ಲೇ ಬರುತ್ತದೆ. ಚಾಲಕನಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಲೇಬೇಕು. 2019ರ ತಿದ್ದುಪಡಿಯಂತೆ ಮಿತಿ ಮೀರಿ ಸರಕು ಹೇರಿದರೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ಬೇರೆ. ವಿಮೆಯನ್ನು ಟ್ರ್ಯಾಕ್ಟರ್, ಟ್ರಾಲಿ ಎರಡಕ್ಕೂ ಮಾಡಿಸಿ, ಎರಡೂ ನಂಬರು ಪಾಲಿಸಿಯಲ್ಲಿ ಬರೆದಿದೆಯೇ ಎಂದು ಓದಿ ನೋಡಿ.

ಟ್ರಾಲಿಯಲ್ಲಿ ಜನ

ಇದು ಈ ಬರಹದ ಮುಖ್ಯ ಭಾಗ. 30 ಜನರ ತೂಕ ಎರಡು ಟನ್ನೂ ಆಗದು, ಭತ್ತಕ್ಕಿಂತ ಎಷ್ಟೋ ಹಗುರ. ಆದ್ದರಿಂದಲೇ "ಏನೂ ಆಗಲ್ಲ, ಹತ್ತಿರಿ" ಎನ್ನುತ್ತೇವೆ. ಆದರೆ ಚೀಲ ಹಾಕಿದಲ್ಲೇ ಇರುತ್ತದೆ, ಜನ ಇರುವುದಿಲ್ಲ. ನಿಲ್ಲುತ್ತಾರೆ, ಒಂದೇ ಬದಿಗೆ ಸರಿಯುತ್ತಾರೆ, ಅಂಚಿನ ಮೇಲೆ ಕೂರುತ್ತಾರೆ. ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲ. ಮಗುಚಿದರೆ ಟ್ರಾಲಿ ಅವರ ಮೇಲೆ ಬೋರಲು ಬೀಳುತ್ತದೆ.

2018ರ ಏಪ್ರಿಲ್‌ನಲ್ಲಿ ನಲ್ಗೊಂಡ ಜಿಲ್ಲೆಯ ವದ್ದಿಪಟ್ಲ ಬಳಿ ಕೂಲಿಗಳಿದ್ದ ಟ್ರ್ಯಾಕ್ಟರ್ ಕಾಲುವೆಗೆ ಬಿದ್ದು 9 ಜನ ತೀರಿಕೊಂಡರು. ಅದೇ ಜೂನ್‌ನಲ್ಲಿ ಯಾದಾದ್ರಿ ಭುವನಗಿರಿ ಜಿಲ್ಲೆಯ ವೇಮುಲಕೊಂಡ ಬಳಿ ಮೂಸಿ ಕಾಲುವೆಯಲ್ಲಿ 15 ಜನ ಹೋದರು. ಬಹುತೇಕ ಎಲ್ಲರೂ ಹೊಲದ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳು. ಎರಡೂ ಕಡೆ ಗಾಡಿಗೆ ಎಳೆಯುವ ಶಕ್ತಿ ಸಾಲದೆ ಬಂದ ಅನಾಹುತವಲ್ಲ.

ಟ್ರಾಲಿ ಸರಕಿನ ವಾಹನ. ಅದರಲ್ಲಿ ಕೂತು ಬಂದವರಿಗೆ ಪೆಟ್ಟಾದರೆ ವಿಮೆಯ ಹಣ ಸಿಗುವುದು ಕಷ್ಟ. ಪರಿಹಾರದ ಹೊಣೆ ಟ್ರ್ಯಾಕ್ಟರ್ ಮಾಲೀಕನ ಹೊಲ, ಮನೆಯ ಮೇಲೆ ಬರುವ ಸಂಭವವೇ ಹೆಚ್ಚು. ಉಪಕಾರಕ್ಕೆಂದು ಗಾಡಿ ಕೊಟ್ಟವನೂ ಮುಳುಗುತ್ತಾನೆ.

ಆದ್ದರಿಂದ ಸದಸ್ಯರಲ್ಲಿ ವಿನಂತಿ: ಸಂಘದ ಕಾರ್ಯಕ್ರಮಗಳಿಗೆ ಕುರ್ಚಿ, ಶಾಮಿಯಾನ, ಅಡುಗೆ ಪಾತ್ರೆ ಟ್ರಾಲಿಯಲ್ಲಿ ಬರಲಿ, ಜನ ಬಸ್ಸಿನಲ್ಲಿ ಬರಲಿ. ನಾರಾಯಣಪೇಟೆ, ಗದ್ವಾಲ ಡಿಪೋಗಳಿಂದ ಆರ್.ಟಿ.ಸಿ. ಬಸ್ಸನ್ನು ಬಾಡಿಗೆಗೆ ಕೇಳಬಹುದು. ಗಡಿಯ ಆ ಕಡೆಯವರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಂದರ್ಭಿಕ ಒಪ್ಪಂದದ ಬಸ್ಸುಗಳಿವೆ. ಖರ್ಚು ಹೆಚ್ಚೆಂಬುದು ನಿಜ. ಹಳ್ಳಿಯವರು ಮೊದಲೇ ತಲೆಯೆಣಿಕೆ ಕೊಟ್ಟರೆ ಎರಡು ಮೂರು ಊರಿಗೆ ಒಂದು ಬಸ್ಸು ಮಾಡಿ ಹಂಚಿಕೊಳ್ಳಬಹುದು. ದೊಡ್ಡವರು, ಮಕ್ಕಳು ಎಷ್ಟು ಮಂದಿ ಎಂದು ಬರೆದು, ಕಾರ್ಯಕ್ರಮಕ್ಕೆ ಹದಿನೈದು ದಿನ ಮುಂಚೆ ತಿಳಿಸಿ.

ತುರ್ತು ಸಂದರ್ಭಕ್ಕೆ: ಎರಡೂ ರಾಜ್ಯಗಳಲ್ಲಿ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಈ ಮೂರನ್ನೂ ಟ್ರ್ಯಾಕ್ಟರ್‌ನ ಮಡ್‌ಗಾರ್ಡ್ ಮೇಲೆ ಬಣ್ಣದಲ್ಲಿ ಬರೆಸಿಡಿ.

— ಕಾರ್ಯದರ್ಶಿ