ಟ್ಯಾಂಕಿನ ತಳಕ್ಕೆ ಹತ್ತುವ ಜಂಗು

ಕಬ್ಬಿಣ ಕೆಂಪಾಗಿ ಉದುರತೊಡಗಿದರೆ ನಮ್ಮ ಕಡೆ ‘ಜಂಗ ಹತ್ತಿತು’ ಎನ್ನುತ್ತಾರೆ. ಪಠ್ಯಪುಸ್ತಕ ‘ತುಕ್ಕು’ ಎನ್ನುತ್ತದೆ. ಬಣ್ಣ, ಎಣ್ಣೆ, ಸತುವಿನ ಲೇಪ ಎಂದು ಉತ್ತರ ಬರೆದು ಅಂಕ ಪಡೆದವರೇ ನಾವೆಲ್ಲ. ಆದರೆ ಪೆಟ್ರೋಲ್ ಡಿಪೋದ ದೊಡ್ಡ ಟ್ಯಾಂಕನ್ನೋ, ಸಕ್ಕರೆ ಕಾರ್ಖಾನೆಯ ಕಾಕಂಬಿ ಟ್ಯಾಂಕನ್ನೋ ನೆನೆಸಿಕೊಳ್ಳಿ. ಗೋಡೆಗೆ ಬಣ್ಣ ಬಳಿಯಬಹುದು. ನೆಲಕ್ಕೆ ಕುಳಿತ ತಳದ ಅಡಿಮೈಗೆ ಕುಂಚ ಮುಟ್ಟಿಸುವಂತಿಲ್ಲ. ಅಲ್ಲಿ ತೂತು ಬಿದ್ದದ್ದು ಎಷ್ಟೋ ಸಲ ಗೊತ್ತಾಗುವುದು ಎಣ್ಣೆ ಮಣ್ಣಿಗಿಳಿದ ಮೇಲೆಯೇ. ಬಾವಿ, ಬೋರ್‌ವೆಲ್ ನಂಬಿದ ಊರಿಗೆ ಇದು ಸಣ್ಣ ಮಾತಲ್ಲ.

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದೆ; ಇದರ ಮದ್ದಿನ ಕಥೆಗೆ ಇನ್ನೂರು ದಾಟಿದೆ. 1824ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಯುದ್ಧನೌಕೆಗಳ ತಳಕ್ಕೆ ಹೊದಿಸಿದ ತಾಮ್ರದ ತಗಡು ಸಮುದ್ರದ ನೀರಿಗೆ ಸವೆಯದಂತೆ ಸತು ಅಥವಾ ಕಬ್ಬಿಣದ ತುಂಡು ಜೋಡಿಸಿದ. ತುಂಡು ಸವೆಯಿತು, ತಾಮ್ರ ಉಳಿಯಿತು. ಆದರೆ ಸವೆಯುವ ತಾಮ್ರದ ವಿಷಕ್ಕೆ ಹೆದರಿ ದೂರವಿದ್ದ ಪಾಚಿ, ಚಿಪ್ಪುಜೀವಿಗಳು ಈಗ ತಳಕ್ಕೆ ಅಂಟಿಕೊಂಡು ಹಡಗಿನ ವೇಗವನ್ನೇ ತಗ್ಗಿಸಿದವು. ಲೆಕ್ಕ ಸರಿಯಿತ್ತು, ಫಲ ತಿರುಗುಬಾಣವಾಯಿತು. ನೌಕಾಪಡೆ ಅದನ್ನು ಕೈಬಿಟ್ಟಿತು.

ಒಳಗಿನ ತತ್ವ ಸುಳ್ಳಾಗಲಿಲ್ಲ. ತುಕ್ಕು ಹಿಡಿಯುವುದೆಂದರೆ ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಳ್ಳುವುದು. ಹೊರಗಿನಿಂದ ಎಲೆಕ್ಟ್ರಾನ್ ಒದಗಿಸುತ್ತಿದ್ದರೆ ಕಬ್ಬಿಣ ಉಳಿಯುತ್ತದೆ. ಇದೇ ಕ್ಯಾಥೋಡಿಕ್ ರಕ್ಷಣೆ. 1928ರಲ್ಲಿ ಅಮೆರಿಕದ ರಾಬರ್ಟ್ ಕುನ್, ನ್ಯೂ ಆರ್ಲಿಯನ್ಸ್‌ನಲ್ಲಿ ನೆಲದೊಳಗಿನ ಅನಿಲ ಕೊಳವೆಗೆ ಹೊರಗಿನಿಂದ ವಿದ್ಯುತ್ ಹರಿಸಿ ಇದನ್ನು ಸಾಧಿಸಿದ. ಅವನು ಗೊತ್ತುಮಾಡಿದ ಮೈನಸ್ 0.85 ವೋಲ್ಟ್ ಎಂಬ ಅಳತೆ ಇಂದಿಗೂ ಬಳಕೆಯಲ್ಲಿದೆ. ನಮ್ಮ ದೇಶದಲ್ಲಿ ಇಂಥ ಸಂಶೋಧನೆಗೆಂದೇ 1948ರಲ್ಲಿ ತಮಿಳುನಾಡಿನ ಕಾರೈಕುಡಿಯಲ್ಲಿ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾ ಸಂಸ್ಥೆಗೆ ಅಡಿಗಲ್ಲು ಬಿತ್ತು. ಅಳಗಪ್ಪ ಚೆಟ್ಟಿಯಾರ್ 300 ಎಕರೆ ಜಮೀನು, 15 ಲಕ್ಷ ರೂಪಾಯಿ ಕೊಟ್ಟರು. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ತೈಲ ಹರಿಸುವ ಕೊಳವೆಯಂಥವುಗಳಿಗೆ ಈ ರಕ್ಷಣೆ ಬೇಕೇ ಬೇಕು.

ಕೊಳವೆಯ ಸುತ್ತ ಮಣ್ಣು ಬಿಗಿಯಾಗಿ ಕೂತಿರುತ್ತದೆ. ಟ್ಯಾಂಕಿನ ತಳದ್ದು ಬೇರೆಯೇ ಪಾಡು. ತುಂಬಿದಾಗ ತಳ ಮರಳಿಗೆ ಒತ್ತಿಕೊಳ್ಳುತ್ತದೆ. ಖಾಲಿಯಾದಾಗ ಅಲ್ಲಲ್ಲಿ ಉಬ್ಬಿ ಮೇಲೇಳುತ್ತದೆ. ಆ ಸಂದಿಯಲ್ಲಿ ಗಾಳಿ, ತೇವ. ರಕ್ಷಣೆಯ ವಿದ್ಯುತ್ತು ಹಸಿ ಮರಳಿನಲ್ಲಿ ಹರಿದೀತು, ಗಾಳಿಯ ಸಂದಿ ಜಿಗಿಯಲಾರದು. ಅಲ್ಲಿಯೇ ಜಂಗಿಗೆ ಜಾಗ.

ಎರಡನೆಯ ಮದ್ದು ಬೇಕಾದದ್ದು ಇಲ್ಲಿ. ಕೆಲವು ರಾಸಾಯನಿಕಗಳು ಕರ್ಪೂರದ ಹಾಗೆ ತಾವಾಗಿ ಆವಿಯಾಗಿ ಲೋಹದ ಮೇಲೆ ತೆಳುವಾಗಿ ಕುಳಿತು ತುಕ್ಕನ್ನು ತಡೆಯುತ್ತವೆ. 1940ರ ದಶಕದಲ್ಲಿ ಸೈನ್ಯದ ಯಂತ್ರಭಾಗಗಳನ್ನು ಪೊಟ್ಟಣ ಕಟ್ಟಲು ಇವು ಬಳಕೆಗೆ ಬಂದವು. ಈಗ ರಂಧ್ರವಿರುವ ಕೊಳವೆಗಳನ್ನು ತಳದಡಿ ತೂರಿಸಿ, ಅದರ ಮೂಲಕ ಇವನ್ನು ಒಳಕ್ಕೆ ಕಳಿಸುತ್ತಾರೆ. ವಿದ್ಯುತ್ತು ಮುಟ್ಟದಲ್ಲಿಗೆ ಆವಿ ಮುಟ್ಟುತ್ತದೆ. ಆದರೆ ಆವಿ ಖರ್ಚಾಗುವ ಸರಕು; ಅಂಚು ಸರಿಯಾಗಿ ಮುಚ್ಚದಿದ್ದರೆ ಹಾರಿಹೋಗುತ್ತದೆ, ಮತ್ತೆ ತುಂಬಬೇಕು. ಸವಳು ಮಣ್ಣಿನ ಉಪ್ಪು ಮರಳಿಗೆ ಸೇರಿದ್ದರೆ ಅದರ ಕೆಲಸ ಇನ್ನೂ ಕಷ್ಟ. ಆದ್ದರಿಂದ ಒಂದನ್ನು ಹಾಕಿ ಇನ್ನೊಂದನ್ನು ಕಿತ್ತೊಗೆಯುವುದು ಜಾಣತನವಲ್ಲ ಎಂದೇ ನನಗನಿಸುತ್ತದೆ.

ಜೊತೆಗೂಡಿಸುವಾಗಲೂ ಎಚ್ಚರ ಬೇಕು. ರಾಸಾಯನಿಕ ಕುಳಿತ ಉಕ್ಕಿನ ವೋಲ್ಟೇಜು ಮೊದಲಿನಂತಿರಬೇಕೆಂದಿಲ್ಲ. ಕುನ್‌ನ ಅಳತೆಯೊಂದನ್ನೇ ನೋಡಿದರೆ ಮೋಸಹೋಗಬಹುದು. ಅದಕ್ಕೇ ತಳದಡಿ ಸಣ್ಣ ತಂತಿಯಂಥ ಶೋಧಕವಿಟ್ಟು, ಅದು ಎಷ್ಟು ಸವೆಯಿತೆಂದು ಆಗಾಗ ಅಳೆಯುತ್ತಾರೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಟ್ಯಾಂಕುಗಳಲ್ಲಿ ಈ ಆವಿಮದ್ದಿನ ಬಳಕೆಯ ಕುರಿತು ತಾಂತ್ರಿಕ ವರದಿಯೊಂದನ್ನು ಹೊರತಂದದ್ದು 2021ರಲ್ಲಿ, ಡೇವಿಯ ಪ್ರಯೋಗಕ್ಕೆ 197 ವರ್ಷವಾದ ಮೇಲೆ.